ಬೇಗಂಪೇಟೆಯ ಸೊಳ್ಳೆ, ಬೆಂಗಳೂರಿನ ತೊಟ್ಟಿ

ಬೇಗಂಪೇಟೆ ಅಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಹಳೆಯ ವಿಮಾನ ನಿಲ್ದಾಣ. 2008ರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ಶಂಶಾಬಾದಿಗೆ ಹೋದವು. ಆದರೆ ಅದರ ಹತ್ತಿರವೇ ಇರುವ ಒಂದು ಹಳೆಯ ಕಟ್ಟಡ ಹೆಚ್ಚಿನವರ ಕಣ್ಣಿಗೆ ಬೀಳುವುದೇ ಇಲ್ಲ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟಿಗೆ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು ಅಲ್ಲಿ! ಈಗದು ಸರ್ ರೊನಾಲ್ಡ್ ರಾಸ್ ಹೆಸರಿನ ಸಂಸ್ಥೆ.

ನಾನು ಬಿ.ಕಾಂ. ಓದಿ ಬ್ಯಾಂಕು ಸೇರಿದವನು, ವಿಜ್ಞಾನದ ಪಂಡಿತನಲ್ಲ. ಆದರೆ ಈ ಕಥೆಯಲ್ಲಿ ಲೆಕ್ಕಾಚಾರವೂ ಇದೆ, ನೋಡಿ.

ರಾಸ್ 1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದ ಸೇನಾ ವೈದ್ಯ. ರೋಗಿಯ ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಫ್ರಾನ್ಸಿನ ಲಾವೆರಾನ್ 1880ರಲ್ಲೇ ಕಂಡಿದ್ದರು. ಅದು ಹರಡುವುದು ಹೇಗೆಂದು ಮಾತ್ರ ತಿಳಿದಿರಲಿಲ್ಲ. ಸೊಳ್ಳೆಯ ಮೇಲೆ ಅನುಮಾನಪಟ್ಟ ರಾಸ್ 1895ರಿಂದ ಸೊಳ್ಳೆಗಳನ್ನು ಸೀಳಿ ಸೀಳಿ ನೋಡಿದರು. ಏನೂ ಸಿಗಲಿಲ್ಲ... ಅವರು ನೋಡುತ್ತಿದ್ದದ್ದು ಬೇರೆ ಜಾತಿಯ ಸೊಳ್ಳೆಗಳನ್ನು! 1897ರ ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಇನ್ನೊಂದು ಜಾತಿ ಕೈಗೆ ಬಂತು. ನಾವೀಗ ಅನಾಫಿಲಿಸ್ ಅನ್ನುವುದು ಅದನ್ನೇ. ಹುಸೇನ್ ಖಾನ್ ಎಂಬ ರೋಗಿ ಅವುಗಳಿಂದ ಕಚ್ಚಿಸಿಕೊಂಡರು. ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ! ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಪರೋಪಜೀವಿ ಕಂಡಿತು. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಒಂದಾಣೆಯ ಹುಸೇನ್ ಖಾನ್ ಅವರನ್ನು ಎಷ್ಟು ಜನ ನೆನೆಯುತ್ತೇವೆ ಹೇಳಿ?

ನನಗೆ ಇದಕ್ಕಿಂತ ಇಷ್ಟವಾದ ಕಥೆ ನಮ್ಮ ಬೆಂಗಳೂರಿನದು. 1883ರಲ್ಲಿ ಅಲ್ಲಿದ್ದಾಗ ರಾಸ್‌ಗೆ ವಿಪರೀತ ಸೊಳ್ಳೆ ಕಾಟ. ಹುಡುಕಿದರೆ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲೇ ಮರಿಗಳು. ತೊಟ್ಟಿ ಮಗುಚಿದರು, ಕಾಟ ತಗ್ಗಿತು. ಮೆಸ್ಸಿನಲ್ಲೂ ಹಾಗೇ ಮಾಡೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೊಳ್ಳೆ ಹುಟ್ಟಿರುವುದಕ್ಕೂ ಏನೋ ಕಾರಣವಿರುತ್ತದೆ, ನಾವು ಸಹಿಸಿಕೊಳ್ಳಬೇಕು ಎಂಬುದು ಆತನ ವಾದ!

ನಗಬೇಡಿ, ನಾವೂ ಅಷ್ಟೇ. 1953ರಲ್ಲಿ ದೇಶ ಮಲೇರಿಯಾ ವಿರುದ್ಧ ಡಿಡಿಟಿ ಹಿಡಿದು ಹೊರಟಿತು. 1965ರ ಹೊತ್ತಿಗೆ ವರ್ಷದ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಗೆದ್ದೆವೆಂಬ ಭಾವನೆ ಬಂತು, ನಿಗಾ ಸಡಿಲವಾಯಿತು, ಡಿಡಿಟಿಗೆ ಸೊಳ್ಳೆಗಳೂ ಜಗ್ಗದಾದವು. 1976ರಲ್ಲಿ ಪ್ರಕರಣಗಳು 64 ಲಕ್ಷ ದಾಟಿದವು. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ, ಸಾಲ ಪೂರ್ತಿ ತೀರುವ ಮುಂಚೆಯೇ ಖಾತೆ ಮುಚ್ಚಿಬಿಟ್ಟೆವು.

ಈಗ ಮಳೆಗಾಲ ಬಂದರೆ ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಡೆಂಗಿಯ ಭಯ. ನಮ್ಮ ಅಪಾರ್ಟ್‌ಮೆಂಟಿನ ಮೀಟಿಂಗಿನಲ್ಲಿ ಪ್ರತಿ ವರ್ಷ ಒಂದೇ ಬೇಡಿಕೆ: ಹೊಗೆ ಹೊಡೆಸಿ! ಆ ಹೊಗೆಗೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಗಟಾರವೇ ಬೇಕಿಲ್ಲ. ಹೂಕುಂಡದ ತಟ್ಟೆ, ಕೂಲರು, ಮುಚ್ಚಳವಿಲ್ಲದ ಡ್ರಮ್ಮು ಸಾಕು. ಅದು ಕಚ್ಚುವುದೂ ಹೆಚ್ಚಾಗಿ ಹಗಲಿನಲ್ಲಿ. ರಾತ್ರಿಯ ಸೊಳ್ಳೆಪರದೆಯೊಂದನ್ನೇ ನಂಬಿದರೆ ಆಗುವುದಿಲ್ಲ. ಯಾವ ಸೊಳ್ಳೆ ಎಂದು ತಿಳಿಯದೆ ರಾಸ್ ಎರಡು ವರ್ಷ ಪಟ್ಟ ಪಾಡು ನಮಗೇಕೆ?

ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆ ಉಜ್ಜಿ ತೊಳೆಯಿರಿ. ಒಣಗಿದ ಪಾತ್ರೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಬದುಕುತ್ತದೆ, ಅದಕ್ಕೇ ಉಜ್ಜಬೇಕು. ಆಗಸ್ಟ್ 20 ವಿಶ್ವ ಸೊಳ್ಳೆ ದಿನ. ಆ ದಿನ ನಿಮ್ಮ ಬಾಲ್ಕನಿಯಿಂದಲೇ ಶುರು ಮಾಡಿ, ಪಕ್ಕದ ಮನೆಯವರಿಗೂ ಹೇಳಿ. ಅವರ ಬಾಲ್ಕನಿಯ ಸೊಳ್ಳೆ ನಿಮ್ಮ ಮನೆಗೂ ಬರುತ್ತದಲ್ಲ!