ಗೌರಮ್ಮ–ಕ್ಯಾಂಪ್‌ಬೆಲ್ ವಿವಾಹ: ಒಂದು ವಿಚಾರ

ಕೊಡಗಿನ ಕಡೆಯ ಅರಸು ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನ ಹೆಸರು ಗೋಣಿಕೊಪ್ಪಲಿನ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ (ಕಥೆಗಾರ್ತಿ ಕೊಡಗಿನ ಗೌರಮ್ಮನವರು ಬೇರೆ). ಆದರೆ ಆಕೆಯ ವಿವಾಹವನ್ನು ಆಭರಣಗಳ ಅಪಹರಣದ ಕಥೆಯೆಂದೇ ಹೇಳುವ ವಾಡಿಕೆಯು ಪರಿಶೀಲನಾರ್ಹವೆಂದು ನಮಗೆ ತೋರುತ್ತದೆ.

1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದ ಅರಸನು, ಕಂಪನಿಯ ವಶದಲ್ಲಿದ್ದ ತನ್ನ ಹಣವನ್ನು ಕೇಳಲು 1852ರಲ್ಲಿ ಇಂಗ್ಲೆಂಡಿಗೆ ಹೋದಾಗ ಮಗಳನ್ನೂ ಕರೆದೊಯ್ದನು. ಅದೇ ವರ್ಷದ ಜೂನ್ 30ರಂದು ಸುಮಾರು ಹನ್ನೊಂದರ ಆ ಬಾಲೆಗೆ ಕ್ರೈಸ್ತದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನಿತ್ತಳು. ಮತ, ಹೆಸರು, ಪಾಲಕರು, ಎಲ್ಲವೂ ಪರರು ಗೊತ್ತುಮಾಡಿದವು. ವರನನ್ನೂ ರಾಣಿಯು ಮನಸ್ಸಿನಲ್ಲಿಟ್ಟಿದ್ದಳು: ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ ಸಿಂಗ್. ಆತನು ಒಪ್ಪಲಿಲ್ಲ.

1860ರಲ್ಲಿ ಗೌರಮ್ಮನು ವರಿಸಿದ್ದು ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು. ಈತನು ದುಲೀಪನ ಪಾಲಕ ಲಾಗಿನ್‌ನ ಪತ್ನಿಗೆ ಸೋದರ. ಸ್ಕಾಟ್ಲೆಂಡಿನ ಕುಲೀನ ಮನೆತನದವನು, ವಿಧುರ, ಆಕೆಗಿಂತ ಸುಮಾರು 30 ವರ್ಷ ಹಿರಿಯ. ಜೂಜುಗಾರನೆಂದೂ ಹೆಸರು ಪಡೆದವನು. 1861ರಲ್ಲಿ ಮಗಳು ಈಡಿತ್ ಹುಟ್ಟಿದಳು. 1864ರಲ್ಲಿ ಗೌರಮ್ಮನು ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿರುವ ಸಮಾಧಿಯ ಬರಹವೂ ರಾಣಿಯದೇ. ಕೆಲವು ವರ್ಷಗಳ ಬಳಿಕ ಕ್ಯಾಂಪ್‌ಬೆಲ್ಲನು ಕಾಣೆಯಾದನು; ಆಕೆಯ ಆಭರಣಗಳೂ ಅವನೊಡನೆ ಹೋದುವೆಂಬುದು ಪ್ರತೀತಿ.

ಈ ಕಣ್ಮರೆಯಿಂದ ಹಿಂದಕ್ಕೆ ನೋಡಿ, 1860ರ ವಧುವನ್ನು ವಂಚಿತಳಾದ ಮುಗ್ಧೆಯೆಂದು ನಿರ್ಣಯಿಸುವುದು ಚರಿತ್ರೆಯ ಕ್ರಮವಲ್ಲ. ಕ್ಯಾಂಪ್‌ಬೆಲ್ಲನನ್ನು ನಾವು ಸಮರ್ಥಿಸುತ್ತಿಲ್ಲ, ಸಮರ್ಥಿಸತಕ್ಕದ್ದೂ ಹೆಚ್ಚಿಲ್ಲ. ಬಾಲ್ಯದಿಂದ ಯಾವುದಕ್ಕೂ ಆಕೆಯ ಅಭಿಪ್ರಾಯವನ್ನು ಕೇಳಿರಲಿಲ್ಲ. ಹತ್ತೊಂಬತ್ತರ ವಯಸ್ಸಿನಲ್ಲಿ, ರಾಣಿಯು ಮೊದಲು ಎಣಿಸಿದ್ದ ವರನಲ್ಲದವನೊಬ್ಬನಿಗೆ ಆಕೆ ಕೊಟ್ಟ ಒಪ್ಪಿಗೆಯನ್ನು ಆಕೆಯದೆಂದೇ ಓದಬೇಕೆಂದು ನಮ್ಮ ಅಭಿಪ್ರಾಯ.