ಚಾಲಗೇಣಿಯ 11 ತಿಂಗಳು

ಮಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ 11ರ ಲೆಕ್ಕ ಗೊತ್ತುಂಟು. ಅಗ್ರಿಮೆಂಟ್ 12 ತಿಂಗಳಿಗಲ್ಲ, 11 ತಿಂಗಳಿಗೆ. ಕಾರಣ ಸಿಂಪಲ್. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿಪತ್ರವನ್ನು ಕಡ್ಡಾಯವಾಗಿ ರಿಜಿಸ್ಟರ್ ಮಾಡಿಸಬೇಕು. 11ಕ್ಕೆ ನಿಲ್ಲಿಸಿದರೆ ಆ ಖರ್ಚೂ ಇಲ್ಲ, ರಗಳೆಯೂ ಇಲ್ಲ. ದೇಶದ ಬಹಳಷ್ಟು ಪೇಟೆಗಳಲ್ಲೂ ಇದೇ ಕತೆ. ಆದರೆ ಕರಾವಳಿಯ ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಆ ಕಾಗದ ಕಂಡರೆ ಒಂದು ಹಳೆಯ ಶಬ್ದ ನೆನಪಾಗುತ್ತದೆ: ಚಾಲಗೇಣಿ.

ಗೊತ್ತಿಲ್ಲದವರಿಗೆ ಎರಡು ಮಾತು. ದಕ್ಷಿಣ ಕನ್ನಡದಲ್ಲಿ ಗೇಣಿ ಮುಖ್ಯವಾಗಿ ಎರಡು ಥರ ಇತ್ತು. ಒಂದು ಮೂಲಗೇಣಿ. ಒಮ್ಮೆ ನಿಗದಿಯಾದ ಗೇಣಿ ಬದಲಾಗುವುದಿಲ್ಲ. ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹಕ್ಕು ಹೋಗುತ್ತದೆ. ಇನ್ನೊಂದು ಚಾಲಗೇಣಿ. ಅದು ವರ್ಷದ ಲೆಕ್ಕ. ಬರುವ ವರ್ಷ ಧಣಿಗಳು ಗೇಣಿ ಎರಡು ಮುಡಿ ಅಕ್ಕಿ ಜಾಸ್ತಿ ಕೇಳಬಹುದು, ಅಥವಾ ಬೇರೆಯವರನ್ನು ಒಕ್ಕಲು ಕೂರಿಸಬಹುದು. ಚಾಲಗೇಣಿ ಒಕ್ಕಲು ತೆಂಗಿನ ಸಸಿ ನೆಡಲು ಹತ್ತು ಸಲ ಯೋಚಿಸುತ್ತಿದ್ದ. ಕಾಯಿ ಬಿಡುವ ಹೊತ್ತಿಗೆ ತಾನು ಎಲ್ಲಿರುತ್ತೇನೋ ಯಾರಿಗೆ ಗೊತ್ತು!

ನಾವು ಬೆಂಗಳೂರು ಬಿಟ್ಟು, ಎರಡು ವರ್ಷದ ಮಗಳನ್ನು ಕಟ್ಟಿಕೊಂಡು ಮಂಗಳೂರಿಗೆ ಬರುತ್ತೇವೆಂದಾಗ ಆಫೀಸಿನವರು ಕೇಳಿದ್ದು ಒಂದೇ: “ಮಂಗ್ಳೂರು ಚೀಪ್ ಅಲ್ವಾ?” ಎಕ್ಸೆಲ್ ಶೀಟಿನಲ್ಲಿ ಬಾಡಿಗೆ, ಮುಂಗಡ, ಪ್ಲೇಸ್ಕೂಲು, ಮಳೆಗಾಲದ ಕರೆಂಟು ಬಿಲ್ಲು ಎಲ್ಲ ತುಂಬಿಸಿದ ಮೇಲೆ ಅದು ಅಷ್ಟು ಚೀಪಾಗಿ ಕಾಣಲಿಲ್ಲ. ಇಲ್ಲಿ ಭೂಮಿಗೆ ಬೆಲೆ ಕಟ್ಟುವುದು ಇಲ್ಲಿಯ ಸಂಬಳ ಮಾತ್ರ ಅಲ್ಲ. ಮೊದಲು ಮುಂಬೈಯಿಂದ, ಆಮೇಲೆ ಗಲ್ಫಿನಿಂದ ಬಂದ ದುಡ್ಡೂ ಅದಕ್ಕೆ ಸೇರಿದೆ. ಇಲ್ಲೇ ದುಡಿದು ಇಲ್ಲೇ ಬಾಡಿಗೆ ಕೊಡುವವನಿಗೆ ಊರು ದುಬಾರಿಯೇ.

ಹಾಗಾದರೆ ಕೈಯಲ್ಲಿ ಕಾಸಿಲ್ಲದವರು ಈ ಊರಿಗೆ ಬಂದು ನೆಲೆ ನಿಂತದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಮಂಗಳೂರಿನ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಮಾತು ಕೇಳಿ ಮತ ಬದಲಿಸಿದವರಲ್ಲಿ ಬಹಳ ಮಂದಿ ಬಿಲ್ಲವರು. ಬದಲಿಸಿದ ಮರುದಿನವೇ ಕಷ್ಟ ಶುರು. ಶೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪುವುದಿಲ್ಲ, ಕುಟುಂಬದ ಆಸ್ತಿಯಲ್ಲಿ ಪಾಲು ಸಿಗುವುದಿಲ್ಲ, ಗೇಣಿಯ ಗದ್ದೆಯೂ ಕೈತಪ್ಪುತ್ತದೆ. ಹೆಂಡತಿ ಮಕ್ಕಳೊಂದಿಗೆ ಬರಿಗೈಯಲ್ಲಿ ಪೇಟೆ ಸೇರಿದ ಇವರಿಗೆ ಪ್ರಾರ್ಥನೆಯ ಜೊತೆ ಅನ್ನವೂ ಬೇಕಿತ್ತು. ಮಿಷನ್ 1841ರಲ್ಲಿ ಛಾಪಖಾನೆ ಶುರು ಮಾಡಿತು, 1851ರಲ್ಲಿ ನೇಯ್ಗೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನ ನದಿ ದಂಡೆಯಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಕಾರ್ಖಾನೆ ಗಂಟೆ, ಕಟ್ಟುನಿಟ್ಟು, ಚರ್ಚಿನ ಶಿಸ್ತು ಎಲ್ಲ ಇತ್ತು. ಕೆಲಸಕ್ಕೂ ನಂಬಿಕೆಗೂ ಒಂದೇ ಯಜಮಾನ ಅನ್ನುವುದು ಸುಖದ ಸ್ಥಿತಿಯೇನಲ್ಲ. ಆದರೂ ನಿನ್ನೆ ಬೀದಿಗೆ ಬಿದ್ದವನಿಗೆ ಬರುವ ತಿಂಗಳೂ ಕೂಲಿ ಉಂಟು ಎಂಬ ಧೈರ್ಯ ಅಲ್ಲಿ ಸಿಕ್ಕಿತು.

ಮಂಗಳೂರು ಹಂಚಿನ ಬಗ್ಗೆ ಮಾತಾಡುವಾಗ ನಾವು ಅದರ ಕೆಂಪು ಬಣ್ಣ, ಅದು ಹಡಗು ಹತ್ತಿ ಹೋದ ದೇಶಗಳು, ಇವನ್ನೇ ಹೇಳುತ್ತೇವೆ. ನನಗೆ ಅದರ ಲೆಕ್ಕ ಮುಖ್ಯ ಅನಿಸುತ್ತದೆ. ಮುಳಿಹುಲ್ಲಿನ ಮಾಡಾದರೆ ಪ್ರತಿ ವರ್ಷ ಜೂನಿಗೆ ಮೊದಲು ಹೊಸತಾಗಿ ಹೊದೆಸಬೇಕು. ಹುಲ್ಲಿಗೆ ದುಡ್ಡು, ಆಳಿಗೆ ದುಡ್ಡು. ತಡವಾದರೆ ಮಳೆ ಒಳಗೆ, ಬೆಂಕಿ ಬಿದ್ದರೆ ಮನೆಯೇ ಇಲ್ಲ. ಹಂಚಿಗೆ ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ಪಕ್ಕಾಸು, ರೀಪು ಗಟ್ಟಿ ಇದ್ದರೆ ಒಡೆದ ಒಂದು ಹಂಚನ್ನು ತೆಗೆದು ಇನ್ನೊಂದು ಇಟ್ಟರಾಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ವರ್ಷ ವರ್ಷದ ಸಬ್‌ಸ್ಕ್ರಿಪ್ಷನ್ ಹೋಗಿ ಒಂದೇ ಸಲದ ಖರೀದಿ ಆಯಿತು.

ಕೂಲಿಯವರಿಗೆ ಇನ್ನೊಂದು ಪೇಚು ಇತ್ತು. ಸಂಪಾದನೆ ದಿನದ್ದು, ಬಾಡಿಗೆ ತಿಂಗಳದ್ದು. ಸಂಜೆ ಕೈಗೆ ಬಂದ ಕಾಸು ತಿಂಗಳ ಕೊನೆಯವರೆಗೆ ಉಳಿಯುವುದು ಹೇಗೆ? ಇದಕ್ಕೆ ಪರಿಹಾರ ಹುಟ್ಟಿದ್ದು ಪಕ್ಕದ ಉಡುಪಿಯಲ್ಲಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂದು ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು 1925ರಲ್ಲಿ ಶುರು ಮಾಡಿದ ಬ್ಯಾಂಕು (ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್) 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ತೆಗೆದುಕೊಂಡು ಬರೆದುಕೊಂಡು ಹೋಗುತ್ತಿದ್ದರು. ಬಡವನಿಗೆ ಉಳಿಸುವ ಬುದ್ಧಿ ಇಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಬುದ್ಧಿ ಮೊದಲೇ ಇತ್ತು, ಅವನ ದುಡಿಮೆಗೆ ಹೊಂದುವ ವ್ಯವಸ್ಥೆ ಇರಲಿಲ್ಲ, ಅಷ್ಟೆ.

ಹೆಂಗಸರ ದುಡಿಮೆಯನ್ನು ಬಿಟ್ಟರೆ ಈ ಲೆಕ್ಕ ಪೂರ್ತಿ ಆಗುವುದಿಲ್ಲ. ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು, ಬಂದ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದ ಅಮ್ಮಂದಿರು ಈ ಜಿಲ್ಲೆಯ ಊರೂರಲ್ಲಿದ್ದಾರೆ. ವರ್ಕ್ ಫ್ರಮ್ ಹೋಮ್ ನಮ್ಮ ಕಂಪನಿಗಳ ಆವಿಷ್ಕಾರ ಏನಲ್ಲ ಮಾರಾಯ್ರೆ. ಆ ಕೆಲಸದಲ್ಲಿ ಹೊಗೆಸೊಪ್ಪಿನ ಧೂಳೂ ಇತ್ತು, ಬೆನ್ನುನೋವೂ ಇತ್ತು. ಆದರೆ ಮಳೆಗಾಲದಲ್ಲಿ ಗಂಡನ ಕೂಲಿ ನಿಂತರೂ ಬೀಡಿಯ ದುಡ್ಡು ನಿಲ್ಲುತ್ತಿರಲಿಲ್ಲ.

ಇನ್ನು ಬಸ್ಸು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಅಂದರೆ ಹಿರಿಯರ ಬಾಯಲ್ಲಿ ಸಿಪಿಸಿ, 1914ರಲ್ಲಿ ಶುರುವಾಯಿತು. ಖಾಸಗಿ ಬಸ್ಸುಗಳ ಆ ಸಂಪ್ರದಾಯ ಇವತ್ತಿಗೂ ಊರನ್ನು ನಡೆಸುತ್ತಿದೆ. ಬಸ್ಸು ಇದ್ದದ್ದರಿಂದಲೇ ಹಂಪನಕಟ್ಟೆಯಲ್ಲಿ ದುಡಿಯುವವರು ತೊಕ್ಕೊಟ್ಟಿನಲ್ಲೋ ಸುರತ್ಕಲ್ಲಿನಲ್ಲೋ ಮನೆ ಮಾಡಬಹುದಾಯಿತು. ನಾವು ಮನೆ ಹುಡುಕುವಾಗಲೂ ಮೊದಲು ನೋಡಿದ್ದು ಬಸ್ ಸ್ಟಾಪ್ ಎಷ್ಟು ದೂರ ಉಂಟು ಅಂತ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಎರಡನೇ ಗಾಡಿಯ ಇಎಂಐ ಉಳಿಯಿತು.

ಇನ್ನು ನೆಲದ ಮಾತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ, ಉಳುವ ಗೇಣಿದಾರನಿಗೆ ಭೂಮಿ ಕೊಟ್ಟಿತು. ನಮ್ಮ ಅಜ್ಜ ಬೆಳ್ತಂಗಡಿಯಲ್ಲಿ ಡಿಕ್ಲರೇಶನ್ ಕೊಟ್ಟದ್ದು ಆಗಲೇ. ಜಾಗ ಸಿಕ್ಕಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಅಡಿಕೆ ಸಸಿ ನೆಟ್ಟದ್ದು. ಆ ಅಡಿಕೆಯೇ ನನ್ನ ಬಿ.ಇ. ಫೀಸಾಯಿತು. ಆದರೆ ಈ ಕಾಯ್ದೆ ಕೃಷಿಭೂಮಿಗೆ. ಮಂಗಳೂರು ಪೇಟೆಯೊಳಗೆ ಮೂಲಗೇಣಿ ಜಾಗದಲ್ಲಿ ಮನೆ ಕಟ್ಟಿಕೊಂಡವರದು ಬೇರೆಯೇ ಕತೆ. ತಲೆಮಾರುಗಳ ಹಿಂದೆ ನಿಗದಿಯಾದ ಚಿಲ್ಲರೆ ಗೇಣಿ ಕೊಟ್ಟು ಅವರು ಕೂತಿದ್ದರು. ಜಾಗದ ಮಾಲೀಕರಿಗೆ ಇದು ನ್ಯಾಯವಲ್ಲ ಅನಿಸಿದರೆ ಆಶ್ಚರ್ಯವಿಲ್ಲ. ಇಂಥ ಗೇಣಿದಾರರಿಗೆ ಒಡೆತನ ಕೊಡಿಸಲು ರಾಜ್ಯ ಸರ್ಕಾರ 2011ರಲ್ಲಿ ಕಾಯ್ದೆ ತಂದಿತು, ಅದು ಕೋರ್ಟಿನ ಮೆಟ್ಟಿಲೂ ಹತ್ತಿತು. ಯಾರದು ಸರಿ ಅನ್ನುವುದು ಹಾಗಿರಲಿ. ಮೂಲಗೇಣಿಯ ಕುಟುಂಬಗಳು ಪೇಟೆಯ ನಡುವೆ ಉಳಿದದ್ದು ಬರುವ ವರ್ಷದ ಬಾಡಿಗೆ ಎಷ್ಟು ಎಂದು ಅವರಿಗೆ ಇವತ್ತೇ ಗೊತ್ತಿದ್ದುದರಿಂದ.

ಹೀಗೆ ಗೊತ್ತಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಣಂಬೂರು ಸಾಕ್ಷಿ. ಅಲ್ಲಿ ಜನ ಊರಿಗೆ ಬರಲಿಲ್ಲ, ಪೇಟೆಯೇ ಜನರ ಮೇಲೆ ಬಂತು. 1975ರ ಜನವರಿಯಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿಗಾಗಿ ಮನೆ ಬಿಟ್ಟವರಿಗೆ ಕಾಟಿಪಳ್ಳ, ಕೃಷ್ಣಾಪುರದಲ್ಲಿ ಪುನರ್ವಸತಿ ಕಾಲನಿ ಮಾಡಿದರು. ಇವತ್ತಿಗೂ ಅಲ್ಲಿಯ ಜಾಗಗಳಿಗೆ ಮೂರನೇ ಬ್ಲಾಕು, ಏಳನೇ ಬ್ಲಾಕು ಅಂತಲೇ ಹೆಸರು. ಬನ, ಕಟ್ಟೆ, ಬಾಕಿಮಾರು ಇದ್ದ ಊರಿನವರು ನಂಬರಿಗೆ ಬಂದರು. ಇವರಲ್ಲಿ 1974ಕ್ಕಿಂತ ಮೊದಲೇ ಎದ್ದ ಒಕ್ಕಲುಗಳ ಸ್ಥಿತಿ ಯೋಚಿಸಿ. ಉಳಿದ ಊರುಗಳಲ್ಲಿ ಗೇಣಿದಾರರು ಡಿಕ್ಲರೇಶನ್ ಬರೆಸುವಾಗ ಇವರಿಗೆ ಬರೆಸಲು ಗದ್ದೆಯೇ ಉಳಿದಿರಲಿಲ್ಲ.

ಕೂಲಿ, ಹಂಚು, ಪಿಗ್ಮಿ, ಬೀಡಿ, ಬಸ್ಸು, ಮೂಲಗೇಣಿ. ಇವುಗಳಲ್ಲಿ ಯಾವುದೂ ಮಂಗಳೂರನ್ನು ಅಗ್ಗದ ಊರು ಮಾಡಲಿಲ್ಲ. ಅವು ಮಾಡಿದ್ದು ಇಷ್ಟೇ: ಮುಂದಿನ ತಿಂಗಳು, ಮುಂದಿನ ವರ್ಷ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಅನ್ನುವುದನ್ನು ಬಡವನಿಗೂ ಅಂದಾಜು ಮಾಡಲು ಸಾಧ್ಯ ಮಾಡಿದವು. ಮನೆ ಮಾಡುವ ಧೈರ್ಯ ಬರುವುದು ಅಲ್ಲಿಂದ.

ಹಾಗಾಗಿ ಮಕ್ಕಳನ್ನು ಕಟ್ಟಿಕೊಂಡು ಈ ಊರಿಗೆ ಬರುವವರಿಗೆ ನಾನು ಹೇಳುವುದು: ಅತಿ ಕಡಿಮೆ ಬಾಡಿಗೆಯ ಹಿಂದೆ ಓಡಬೇಡಿ. ಮೂರು ವರ್ಷಕ್ಕೆ ಬರೆದು ರಿಜಿಸ್ಟರ್ ಮಾಡಿಸಿ ಕೊಡುವ ಓನರ್ ಸಿಕ್ಕಿದರೆ, ವರ್ಷಕ್ಕೆ ಎಷ್ಟು ಏರಿಸಬೇಕೆಂದು ಮೊದಲೇ ಕಾಗದದಲ್ಲಿ ಹಾಕಿಸಿ, ಸ್ವಲ್ಪ ಹೆಚ್ಚು ಕೊಟ್ಟಾದರೂ ಅದನ್ನೇ ಹಿಡಿಯಿರಿ. ಆ ಹೆಚ್ಚಿನ ದುಡ್ಡು ಮಗು ಶಾಲೆ ಬದಲಿಸದೆ ಉಳಿಯುವುದಕ್ಕೆ ಕೊಟ್ಟ ಬೆಲೆ. ಸಂಬಳದವರಾದ ನಮಗೆ ಹೀಗೆ ಚೌಕಾಸಿ ಮಾಡುವ ಬಲ ಉಂಟು. ನಾವಿರುವ ಫ್ಲ್ಯಾಟುಗಳನ್ನು ಕಟ್ಟಲು ಉತ್ತರ ಕರ್ನಾಟಕದಿಂದ ಬಂದು, ಸೈಟಿನ ಬದಿಯ ತಗಡಿನ ಶೆಡ್ಡಿನಲ್ಲಿ ಸಂಸಾರ ಮಾಡುವವರಿಗೆ 11 ತಿಂಗಳ ಕಾಗದವೂ ಇಲ್ಲ. ಕಟ್ಟಡ ಮುಗಿದ ದಿನ ಅವರ ಗೇಣಿ ಮುಗಿಯುತ್ತದೆ.