ಹಳೆಯ ಸಿಲಿಂಡರಿನ ಕೊರಳು

ಅಮೆರಿಕದ ಡೈವಿಂಗ್ ಅಂಗಡಿಗೆ 1980ರ ಅಲ್ಯೂಮಿನಿಯಂ ಸಿಲಿಂಡರ್ ಹೊತ್ತು ಹೋದರೆ, ಅಂಗಡಿಯವನು ಮೊದಲು ನೋಡುವುದು ಅದರ ಹೆಗಲ ಮೇಲೆ ಅಚ್ಚೊತ್ತಿದ ತಾರೀಕನ್ನು.

ಆ ಕಾಲದ ಸಿಲಿಂಡರಿನ ಮೇಲಿನ ಅನುಮಾನಕ್ಕೆ ಕಾರಣ 6351 ಎಂಬ ಮಿಶ್ರಲೋಹ. ವರ್ಷಗಟ್ಟಲೆ ಒತ್ತಡ ತಾಳಿದ ಇಂಥ ಕೆಲವು ಸಿಲಿಂಡರುಗಳ ಕೊರಳಲ್ಲಿ, ವಾಲ್ವ್ ಕೂರುವ ತಿರುಪಿನ ಸುತ್ತುಗಳಲ್ಲೇ, ಕೂದಲೆಳೆಯಷ್ಟು ಬಿರುಕು ಬಿಡತೊಡಗಿತು. ಬೆರಳೆಣಿಕೆಯವು ಗಾಳಿ ತುಂಬುವಾಗಲೇ ಸಿಡಿದವು. ಪೆಟ್ಟು ತಿಂದವರು ಪಕ್ಕದಲ್ಲಿದ್ದ ಕೆಲಸಗಾರರು. ಇವನ್ನು ತಯಾರಿಸುತ್ತಿದ್ದ ಲಕ್ಸ್‌ಫರ್ ಕಂಪನಿ 1988ರಲ್ಲಿ 6061 ಮಿಶ್ರಲೋಹಕ್ಕೆ ಹೊರಳಿತು.

ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಅಮೆರಿಕದಲ್ಲಿ ಕಾನೂನು. ವರ್ಷಕ್ಕೊಮ್ಮೆ ಒಳಗೆ ದೀಪ ಇಳಿಸಿ ನೋಡುವುದು ಮಾತ್ರ ಡೈವಿಂಗ್ ವೃತ್ತಿಯವರೇ ಹಾಕಿಕೊಂಡ ಕಟ್ಟಳೆ. 2007ರಿಂದ 6351ಕ್ಕೆ ಕೊರಳಿನ ಬಿರುಕು ಹುಡುಕುವ ಎಡ್ಡಿ ಕರೆಂಟ್ ಪರೀಕ್ಷೆಯೂ ಸೇರಿತು.

ಇಷ್ಟೆಲ್ಲ ಪಾಸಾದರೂ ಕೆಲವು ಅಂಗಡಿಗಳು ತುಂಬಲು ಒಪ್ಪುವುದಿಲ್ಲ. ಸಿಲಿಂಡರಿನ ಯಜಮಾನನಿಗೆ ಇದು ಮೊಂಡುತನ ಅನ್ನಿಸೀತು; ಆದರೆ ಕಂಪ್ರೆಸರ್ ಪಕ್ಕ ದಿನವಿಡೀ ನಿಲ್ಲುವವನು ಅವನಲ್ಲವಲ್ಲ! ಇಂಥ ಅಲ್ಯೂಮಿನಿಯಂ ಸಿಲಿಂಡರಿಗಿಂತ ಹಳೆಯ ಉಕ್ಕಿನ ಸಿಲಿಂಡರು ಮಾತ್ರ, ತುಕ್ಕು ಹಿಡಿಯದೆ ಪರೀಕ್ಷೆ ಗೆದ್ದರೆ, ಇಂದಿಗೂ ಬಳಕೆಗೆ ಬರುತ್ತದೆ.